ಕಣ್ಣಿನ ಪೊರೆಯೂ ಅರಬ್ಬೀ ನೇತ್ರವೈದ್ಯರೂ

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ವಿದ್ಯಾಭ್ಯಾಸ ಮಾಡಿ, ಪ್ರೌಢಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದ ಹಿರಿಯ ಭಕ್ತರೊಬ್ಬರು ಇತ್ತೀಚೆಗೆ ದರ್ಶನಕ್ಕೆ ಬಂದಿದ್ದರು. ಎರಡು ವರ್ಷಗಳಿಂದ ಪೂಜಾಕಾಲದಲ್ಲಿ ಕರಸ್ಥಲದ ಇಷ್ಟಲಿಂಗವು ಮಂಜಿನೊಳಗಣ ವಸ್ತುವಿನಂತೆ ಮಸಕಾಗಿ ತೋರುತ್ತಿತ್ತೆಂದೂ, ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕಟ್ಟು ಬಿಚ್ಚಿದ ದಿನ ಲಿಂಗದ ಕಪ್ಪು ಹೊಳಪನ್ನು ಕಂಡು ಪೂಜೆಯನ್ನೇ ಮರೆತು ಅತ್ತುಬಿಟ್ಟೆನೆಂದೂ ಹೇಳಿದರು. ಎವೆಯಿಕ್ಕದೆ ಲಿಂಗವನ್ನು ನೋಡುವುದೇ ಸಾಧನೆಯಾಗಿರುವ ನಮ್ಮ ಸಮಾಜದಲ್ಲಿ ಆ ಕಣ್ಣೀರಿನ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಹೊರಡುವ ಮುನ್ನ ಅವರು, “ಬುದ್ಧಿ, ಈ ಚಿಕಿತ್ಸೆಯನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮ ಯಾರು?” ಎಂದು ಕೇಳಿದರು. “ನಮ್ಮ ಸುಶ್ರುತ” ಎಂದೆವು. ಅವರು ಸಂತೋಷದಿಂದ ನಮಸ್ಕರಿಸಿ ಹೊರಟರು. ಆದರೆ ಆ ಉತ್ತರ ಅರ್ಧ ಮಾತ್ರ ಎಂಬುದು ಅಂದಿನಿಂದಲೂ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಸುಶ್ರುತನ ವಿಷಯದಲ್ಲಿ ಹೇಳಿದ್ದು ಸುಳ್ಳಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಆರಂಭವಾಗುವುದೇ ನೇತ್ರರೋಗಗಳಿಂದ. ಅಲ್ಲಿ 76 ರೋಗಗಳ ಗಣನೆಯಿದೆ. ಪೊರೆ ಬಲಿತು ದೃಷ್ಟಿ ಮುಚ್ಚಿಹೋದ ಅವಸ್ಥೆಗೆ ಆ ಗ್ರಂಥವು ಕೊಟ್ಟ ಹೆಸರು ‘ಲಿಂಗನಾಶ’. ವಿದ್ಯಾರ್ಥಿದೆಸೆಯಲ್ಲಿ ಈ ಪದವನ್ನು ಮೊದಲ ಸಲ ಓದಿದಾಗ ಲಿಂಗಧಾರಿಗಳಾದ ನಮಗೆ ಎದೆ ಝಲ್ಲೆಂದಿತ್ತು. ಅಲ್ಲಿ ಲಿಂಗವೆಂದರೆ ಇಂದ್ರಿಯಶಕ್ತಿಯ ಕುರುಹು ಎಂದಷ್ಟೇ ಅರ್ಥ. ಕಫಜನ್ಯವಾದ ಲಿಂಗನಾಶಕ್ಕೆ ಕಣ್ಣಿನ ಪಕ್ಕದಿಂದ ಶಲಾಕೆಯನ್ನು ಚುಚ್ಚಿ ದೋಷವನ್ನು ಸರಿಸುವ ಕ್ರಮವನ್ನು, ಎಡಗಣ್ಣಿಗೆ ಬಲಗೈಯನ್ನೂ ಬಲಗಣ್ಣಿಗೆ ಎಡಗೈಯನ್ನೂ ಬಳಸಬೇಕೆಂಬ ಸೂಚನೆಯೊಡನೆ, ಸುಶ್ರುತನು ವಿವರಿಸಿದ್ದಾನೆ. ದೃಷ್ಟಿಯ ಪ್ರಮಾಣ ಮಸೂರದ ದಳದಷ್ಟು ಎಂಬುದೂ ಅವನ ಮಾತೇ. ಮಸೂರವೆಂದರೆ ನಮ್ಮ ಚನ್ನಂಗಿ ಬೇಳೆ. ಗ್ರೀಕರು ಕಣ್ಣಿನೊಳಗಿನ ಆ ತಿಳಿಯಾದ ಬಿಲ್ಲೆಯನ್ನು ಕರೆದದ್ದೂ ಇದೇ ಬೇಳೆಯ ಹೆಸರಿನಿಂದ. ಲ್ಯಾಟಿನ್ನಿನ ‘ಲೆನ್ಸ್’ ಎಂಬುದೂ ಅದೇ ಕಾಳು. ಇಂದು ಕನ್ನಡ ಶಾಲೆಯ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ‘ಮಸೂರ’ವೆಂದು ಓದುತ್ತಾರೆ. ಮೂರು ದೇಶಗಳ ವೈದ್ಯರು ಅಡುಗೆಮನೆಯ ಒಂದೇ ಧಾನ್ಯವನ್ನು ಹೋಲಿಕೆಗೆ ಹಿಡಿದದ್ದು ವಿಸ್ಮಯವಾಗಿದೆ.

ಸುಶ್ರುತನ ಗ್ರಂಥ ನಮ್ಮ ದೇಶದಲ್ಲಿಯೇ ನಿಲ್ಲಲಿಲ್ಲ. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಖಲೀಫ ಹಾರೂನ್ ಅಲ್-ರಶೀದನ ಕಾಲದ ಬಗ್ದಾದಿನಲ್ಲಿ, ಮಂಕ ಎಂಬ ಭಾರತೀಯ ವೈದ್ಯನೊಬ್ಬನಿದ್ದನು. ಮಂತ್ರಿಯಾಗಿದ್ದ ಯಾಹ್ಯಾ ಬರ್ಮಕಿಯ ಅಪ್ಪಣೆಯಂತೆ ಅವನು ಸುಶ್ರುತಸಂಹಿತೆಯನ್ನು ಅರಬ್ಬೀ ಭಾಷೆಗೆ ತಂದನೆಂದೂ, ಅದು ಅಲ್ಲಿಯ ಆಸ್ಪತ್ರೆಯಲ್ಲಿ ಕೈಪಿಡಿಯಂತೆ ಬಳಕೆಯಾಯಿತೆಂದೂ ಹತ್ತನೆಯ ಶತಮಾನದ ಗ್ರಂಥಸೂಚಿಕಾರ ಇಬ್ನ್ ಅಲ್-ನದೀಮ್ ದಾಖಲಿಸಿದ್ದಾನೆ. ಈ ಬರ್ಮಕಿ ಮನೆತನದ ಪೂರ್ವಜರು ಬಾಲ್ಖ್ ನಗರದ ಬೌದ್ಧವಿಹಾರವೊಂದರ ಅಧಿಪತಿಗಳಾಗಿದ್ದವರು. ‘ಪ್ರಮುಖ’ ಎಂಬ ಸಂಸ್ಕೃತ ಪದವೇ ‘ಬರ್ಮಕ್’ ಆಯಿತೆಂದು ವಿದ್ವಾಂಸರು ಹೇಳುತ್ತಾರೆ.

ಆದರೆ ಬಗ್ದಾದಿನ ನೇತ್ರವೈದ್ಯಕ್ಕೆ ತಳಹದಿಯಾದದ್ದು ಗ್ರೀಕ್ ವಿದ್ಯೆ. ಅದನ್ನು ತಂದುಕೊಟ್ಟವನು ಹುನೈನ್ ಇಬ್ನ್ ಇಸ್ಹಾಕ್ (809–873). ಇವನು ಮುಸಲ್ಮಾನನಲ್ಲ, ಹೀರಾ ಪಟ್ಟಣದ ಕ್ರೈಸ್ತ, ಔಷಧವ್ಯಾಪಾರಿಯ ಮಗ. ವೈದ್ಯ ಕಲಿಯಲು ಯೂಹನ್ನಾ ಇಬ್ನ್ ಮಾಸವೈಹ್ ಎಂಬ ಪ್ರಸಿದ್ಧ ಗುರುವಿನಲ್ಲಿಗೆ ಹೋದನು. ಅರಬ್ಬಿಯಲ್ಲಿ ಉಳಿದುಬಂದಿರುವ ನೇತ್ರಗ್ರಂಥಗಳಲ್ಲಿ ಅತ್ಯಂತ ಹಳೆಯದು ಈ ಯೂಹನ್ನಾನದೇ. ಶಿಷ್ಯನ ಪ್ರಶ್ನೆಗಳ ಕಾಟ ತಾಳಲಾರದೆ ಗುರುವು ಅವನನ್ನು ಹೊರಗಟ್ಟಿದನಂತೆ. ಹುನೈನ್ ಕೆಲವು ಕಾಲ ಕಣ್ಮರೆಯಾಗಿ, ಗ್ರೀಕ್ ಭಾಷೆಯಲ್ಲಿ ಪಾರಂಗತನಾಗಿ ಹಿಂದಿರುಗಿದನು. ಮುಂದೆ ಅದೇ ಗುರುವು ಇವನಿಂದಲೇ ಅನುವಾದಗಳನ್ನು ಮಾಡಿಸಿಕೊಂಡನು. ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನೋದಿ ನಗುವರೆಂದು ಬಲ್ಲೆವು. ಹುನೈನ್ ಮೂವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಬರೆದ ನೇತ್ರಪ್ರಕರಣಗಳೇ ಮುಂದೆ ‘ಕಣ್ಣಿನ ಕುರಿತ ಹತ್ತು ಪ್ರಬಂಧಗಳು’ ಎಂಬ ಗ್ರಂಥವಾದವು.

ಆ ಗ್ರಂಥದ ಕಣ್ಣಿನ ಕಲ್ಪನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಗ್ರೀಕ್ ವೈದ್ಯ ಗೇಲನನನ್ನು ಅನುಸರಿಸಿ ಹುನೈನ್ ಹೇಳುವುದೇನೆಂದರೆ, ಕಣ್ಣಿಗೆ ಏಳು ಪಟಲಗಳು, ಮೂರು ದ್ರವಗಳು. ನಟ್ಟನಡುವೆ ಮಂಜುಗಡ್ಡೆಯಂತೆ ತಿಳಿಯಾದ ಮಸೂರ. ನೋಡುವ ಶಕ್ತಿ ಇರುವುದು ಅದರಲ್ಲಿಯೇ. ಉಳಿದ ಪಟಲಗಳೂ ದ್ರವಗಳೂ ಅದರ ಸೇವೆಗಾಗಿ ಇರುವಂಥವು. ಗರ್ಭಗುಡಿಯ ಲಿಂಗಕ್ಕೆ ಪ್ರಾಕಾರಗಳು ಹೇಗೋ ಹಾಗೆ. ಮಿದುಳಿನಿಂದ ಹೊರಟ ದೃಷ್ಟಿಚೈತನ್ಯವು ಟೊಳ್ಳಾದ ನರದ ಮೂಲಕ ಹರಿದು ಮಸೂರವನ್ನು ಸೇರಿ ಹೊರಗೆ ಪ್ರಸರಿಸುತ್ತದೆ. ಪೊರೆಯೆಂದರೆ ಮಸೂರಕ್ಕೂ ಪಾಪೆಗೂ ನಡುವಣ ಅವಕಾಶದಲ್ಲಿ ಇಳಿದು ಹೆಪ್ಪುಗಟ್ಟಿದ ನೀರು. ಅದಕ್ಕಾಗಿಯೇ ಅರಬ್ಬಿಯಲ್ಲಿ ಪೊರೆಗೆ ‘ಇಳಿದ ನೀರು’ ಎಂದು ಹೆಸರು. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಕಾನ್‌ಸ್ಟಂಟೈನ್ ಆಫ್ರಿಕಾನಸ್ ಈ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದಾಗ ಆ ಕಲ್ಪನೆಗೆ ಜಲಪಾತವೆಂಬ ಅರ್ಥದ ‘ಕ್ಯಾಟರ‍್ಯಾಕ್ಟ್’ ಎಂಬ ಹೆಸರಿಟ್ಟನು. ಇಂದಿಗೂ ನಮ್ಮ ಡಾಕ್ಟರರು ಬಳಸುವುದು ಅದೇ ಪದವನ್ನು.

ಈ ಕಲ್ಪನೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ತಪ್ಪು. ಮಸೂರ ನಡುವಿನಲ್ಲಿಲ್ಲ, ಪಾಪೆಯ ಹಿಂದೆಯೇ ಇದೆ. ನೀರಿಳಿಯಲು ಅಲ್ಲಿ ಅಂಥ ಎಡೆಯೇ ಇಲ್ಲ. ನೋಡುವ ಶಕ್ತಿ ಮಸೂರದ್ದಲ್ಲ, ಹಿಂಬದಿಯ ಅಕ್ಷಿಪಟಲದ್ದು. ಪೊರೆಯೆಂದರೆ ಮಸೂರವೇ ಮಬ್ಬಾಗುವುದು. ಹೀಗಿದ್ದರೂ ಈ ವೈದ್ಯರ ಕೈ ತಪ್ಪಲಿಲ್ಲ. ಒಂದು ಉದಾಹರಣೆ ಕೊಡೋಣ. ಪೊರೆ ಬಂದ ಯಾವ ಕಣ್ಣಿಗೆ ಚಿಕಿತ್ಸೆ ಫಲಿಸುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲೇ ತಿಳಿಯುವುದು ಹೇಗೆ? ರೋಗಿಯ ಒಂದು ಕಣ್ಣನ್ನು ಮುಚ್ಚಿ ಇನ್ನೊಂದರ ಪಾಪೆಯನ್ನು ನೋಡಬೇಕು. ಅದು ಹಿಗ್ಗಿದರೆ ಚಿಕಿತ್ಸೆ ಮಾಡಬಹುದು. ಮುಚ್ಚಿದ ಕಣ್ಣಿನ ಚೈತನ್ಯವು ಟೊಳ್ಳು ನರದ ಮೂಲಕ ಈ ಕಣ್ಣಿಗೆ ನುಗ್ಗಿ ಪಾಪೆಯನ್ನು ಹಿಗ್ಗಿಸಿತು, ಆದಕಾರಣ ನರ ತೆರೆದಿದೆ ಎಂಬುದು ಅವರ ತರ್ಕ. ನರ ಟೊಳ್ಳಲ್ಲ, ಅದರಲ್ಲಿ ಹರಿಯುವ ಗಾಳಿಯೂ ಇಲ್ಲ. ಆದರೆ ಎರಡು ಪಾಪೆಗಳೂ ಬೆಳಕಿಗೆ ಜೊತೆಯಾಗಿ ಸ್ಪಂದಿಸುವುದು ಸತ್ಯ. ಪಾಪೆ ಅಲುಗದಿದ್ದರೆ ನರವೋ ಅಕ್ಷಿಪಟಲವೋ ಕೆಟ್ಟಿರಬಹುದೆಂಬ ಅನುಮಾನಕ್ಕೆ ಇಂದಿನ ವೈದ್ಯರೂ ಎಡೆಗೊಡುತ್ತಾರೆ. ಕಾರಣ ಸುಳ್ಳು, ಪರೀಕ್ಷೆ ನಿಜ.

ಅರಬ್ಬೀ ಜಗತ್ತಿನಲ್ಲಿ ನೇತ್ರವೈದ್ಯನಿಗೆ ‘ಕಹ್ಹಾಲ್’ ಎಂದು ಹೆಸರು. ‘ಕುಹ್ಲ್’ ಎಂದರೆ ಸುರುಮ, ಕಣ್ಣಿಗಿಡುವ ಅಂಜನದ ನುಣ್ಣನೆಯ ಪುಡಿ. ಅದನ್ನು ಅರೆದು ಕೊಡುವವನು ಕಹ್ಹಾಲ್. (ಇದೇ ‘ಅಲ್-ಕುಹ್ಲ್’ ಯುರೋಪಿಗೆ ಹೋಗಿ, ಅತಿಸೂಕ್ಷ್ಮವಾದ ಸಾರವೆಂಬ ಅರ್ಥ ಪಡೆದು, ಕಡೆಗೆ ಮದ್ಯಸಾರದ ‘ಆಲ್ಕೋಹಾಲ್’ ಆದದ್ದು ಪದಗಳ ದುರ್ದೈವ!) ಧೂಳು, ಬಿಸಿಲು, ನೊಣಗಳಿಂದ ಕಣ್ಣಿನ ಬೇನೆ ಹೆಚ್ಚಾಗಿದ್ದ ಆ ನಾಡುಗಳಲ್ಲಿ ಕಹ್ಹಾಲರು ಎಲ್ಲೆಡೆಯೂ ಇದ್ದರು, ಬೀದಿಯಲ್ಲಿ ಕುಳಿತು ಕಣ್ಣು ಕೆಡಿಸುವವರೂ ಇದ್ದರು. ಕಲ್ಯಾಣದಲ್ಲಿ ಶರಣರು ಅನುಭವಗೋಷ್ಠಿ ನಡೆಸುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಸಿರಿಯಾದ ಶೈಜರಿ ಎಂಬುವನು ಪೇಟೆಯ ಮೇಲ್ವಿಚಾರಣಾಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದನು. ತೂಕ ಅಳತೆಗಳನ್ನು ಪರಿಶೀಲಿಸುವ ಆ ಅಧಿಕಾರಿಯೇ ಕಹ್ಹಾಲನನ್ನೂ ಹುನೈನನ ಹತ್ತು ಪ್ರಬಂಧಗಳಲ್ಲಿ ಪರೀಕ್ಷಿಸಬೇಕು. ಪಟಲಗಳು, ದ್ರವಗಳು, ರೋಗಗಳು, ಅಂಜನಗಳು ಇವುಗಳನ್ನು ಬಲ್ಲವನಿಗೆ ಮಾತ್ರ ಜನರ ಕಣ್ಣು ಮುಟ್ಟಲು ಅನುಮತಿ ಕೊಡಬೇಕು. ಬೀದಿಯ ಕಹ್ಹಾಲರನ್ನು ತಡೆಯಲು ಅವರಲ್ಲಿ ಧರ್ಮಬುದ್ಧಿಯೇ ಇಲ್ಲ, ಆದಕಾರಣ ನಂಬಬಾರದು ಎಂಬುದು ಅವನ ವಿಧಿ.

ಮಹಾವೈದ್ಯ ರಾಜಿಯ ಕಥೆಯೊಂದು ಇದಕ್ಕೆ ಹೊಂದುತ್ತದೆ. ಬೆಳಕಿನಲ್ಲಿ ಪಾಪೆ ಏಕೆ ಕುಗ್ಗುತ್ತದೆಂಬುದರ ಮೇಲೆ ಪ್ರಬಂಧವನ್ನೇ ಬರೆದಿದ್ದ ರಾಜಿ (ಮರಣ 925) ವೃದ್ಧಾಪ್ಯದಲ್ಲಿ ಪೊರೆಯಿಂದ ಕುರುಡನಾದನು. ಚಿಕಿತ್ಸೆಗೆ ಬಂದವನನ್ನು, “ಕಣ್ಣಿಗೆ ಪಟಲಗಳೆಷ್ಟು?” ಎಂದು ಕೇಳಿದನಂತೆ. ಬಂದವನಿಗೆ ತಿಳಿಯದು. ಇದನ್ನರಿಯದವನು ನನ್ನ ಕಣ್ಣು ಮುಟ್ಟಬಾರದೆಂದೂ, ಈ ಲೋಕವನ್ನು ನೋಡಿ ನೋಡಿ ಬೇಸರವಾಗಿದೆಯೆಂದೂ ಹೇಳಿ ಕುರುಡನಾಗಿಯೇ ಉಳಿದನೆಂಬುದು ಪರಂಪರೆಯ ಕಥೆ. ಇದನ್ನು ವೈರಾಗ್ಯದ ದೃಷ್ಟಾಂತವಾಗಿ ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಮುದುಕನಾದರೂ ಪರೀಕ್ಷಕನ ಪೀಠದಿಂದ ಇಳಿಯದ ಗುರುವೊಬ್ಬನ ಹಟ ಅದರಲ್ಲಿದೆ. ಪಟಲಗಳ ಎಣಿಕೆ ಬಾರದ ಆ ಅಜ್ಞಾತನ ಕೈ ಒಳ್ಳೆಯದೇ ಆಗಿದ್ದಿದ್ದರೆ?

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇಬ್ಬರು ದೊಡ್ಡ ನೇತ್ರವೈದ್ಯರು ಕಾಣಿಸಿಕೊಳ್ಳುತ್ತಾರೆ. ಬಗ್ದಾದಿನ ಅಲಿ ಇಬ್ನ್ ಈಸಾ 130 ನೇತ್ರರೋಗಗಳನ್ನು ಕ್ರಮವಾಗಿ ವಿವರಿಸುವ ‘ಕಹ್ಹಾಲರ ಜ್ಞಾಪಕಗ್ರಂಥ’ವನ್ನು ಬರೆದನು, ಶತಮಾನಗಳ ಕಾಲ ಅದೇ ಪಠ್ಯವಾಯಿತು. ಇನ್ನೊಬ್ಬನು ಅಮ್ಮಾರ್ ಇಬ್ನ್ ಅಲಿ, ಇರಾಕಿನ ಮೌಸಿಲ್ ನಗರದ ಮುಸಲ್ಮಾನ. ಊರೂರು ಅಲೆದು, ಚಿಕಿತ್ಸೆ ಮಾಡುತ್ತ, ಕಡೆಗೆ ಈಜಿಪ್ಟಿನಲ್ಲಿ ಖಲೀಫ ಅಲ್-ಹಾಕಿಮನ ಆಳಿಕೆಯಲ್ಲಿ (996–1021) ನೆಲೆಸಿದವನು. ಅವನ ಗ್ರಂಥದಲ್ಲಿ ರೋಗಗಳು 48 ಮಾತ್ರ. ಆದರೆ ಅಲಿಯ ಗ್ರಂಥದಲ್ಲಿ ಇಲ್ಲದ ಒಂದು ಸಂಪತ್ತು ಅಲ್ಲಿದೆ: ತಾನೇ ಪೊರೆಯ ಚಿಕಿತ್ಸೆ ಮಾಡಿದ ಆರು ರೋಗಿಗಳ ವೃತ್ತಾಂತ. ವಿದ್ಯಾರ್ಥಿಗಳು ಅಲಿಯನ್ನು ಓದಿದರು, ಅಮ್ಮಾರನನ್ನು ಮರೆತರು. ನಮ್ಮ ಮನಸ್ಸು ಮಾತ್ರ ಅಮ್ಮಾರನ ಕಡೆಗೇ ವಾಲುತ್ತದೆ.

ಆ ಕಾಲದ ಸಾಮಾನ್ಯ ಕ್ರಮ ಹೀಗಿತ್ತು. ರೋಗಿಯನ್ನು ಬೆಳಕಿಗೆ ಎದುರಾಗಿ ಕುಳ್ಳಿರಿಸಿ, ವೈದ್ಯನು ತುಸು ಎತ್ತರದ ಪೀಠದಲ್ಲಿ ಕುಳಿತು, ಇನ್ನೊಂದು ಕಣ್ಣಿಗೆ ಬಟ್ಟೆ ಕಟ್ಟುವನು. ಹಿಂದೆ ನಿಂತ ಸಹಾಯಕ ತಲೆಯನ್ನು ಹಿಡಿದಿರುವನು. ಕಣ್ಣಿನ ಹೊರಮೂಲೆಯ ಕಡೆಯಿಂದ, ಕರಿಗುಡ್ಡೆಯ ಅಂಚಿಗೆ ತುಸು ದೂರದಲ್ಲಿ ಸೂಜಿಯನ್ನು ಒಳಸೇರಿಸಿ, ಪೊರೆಯನ್ನು ಮೆಲ್ಲಗೆ ಕೆಳಕ್ಕೊತ್ತಿ, ಅದು ಮತ್ತೆ ಮೇಲೇಳದಂತೆ ಸ್ವಲ್ಪ ಹೊತ್ತು ಹಿಡಿದಿರುವನು. ಅನಂತರ ಎರಡು ಕಣ್ಣುಗಳನ್ನೂ ಕಟ್ಟಿ, ಕತ್ತಲೆಯ ಕೋಣೆಯಲ್ಲಿ ಅಂಗಾತನಾಗಿ, ಅಲುಗದೆ, ಕೆಮ್ಮದೆ, ಸೀನದೆ ದಿನಗಟ್ಟಲೆ ಮಲಗಿರಬೇಕು. ತಲೆ ಎತ್ತಿದರೆ ಒತ್ತಿದ ಪೊರೆ ಮತ್ತೆ ಪಾಪೆಗೆ ಅಡ್ಡ ಬಂದೀತು. ಮಂಪರಿನ ಮದ್ದಿನ ಭರವಸೆ ಹೆಚ್ಚಿಲ್ಲದ ಆ ಕಾಲದಲ್ಲಿ ತೆರೆದ ಕಣ್ಣಿನೆದುರಿಗೆ ಸೂಜಿ ಬರುವುದನ್ನು ಕಾಣುತ್ತ ಕುಳಿತವರ ಧೈರ್ಯವನ್ನು ನೆನೆದರೆ ಮೈ ನವಿರೇಳುತ್ತದೆ.

ಅಮ್ಮಾರ್ ಲೋಹದ ಟೊಳ್ಳು ಸೂಜಿಯೊಂದನ್ನು ಮಾಡಿಸಿದನು. ಪೊರೆಯನ್ನು ಕೆಳಗೊತ್ತುವ ಬದಲು ಹೀರಿ ಹೊರತೆಗೆಯುವುದು ಅವನ ಉದ್ದೇಶ. ಆದರೆ ಅದನ್ನು ಬಹುಕಾಲ ಯಾರ ಮೇಲೂ ಪ್ರಯೋಗಿಸದೆ ಇಟ್ಟುಕೊಂಡಿದ್ದನು. ಪ್ಯಾಲೆಸ್ತೀನಿನ ತಿಬೇರಿಯಾಸ್ ಪಟ್ಟಣದಲ್ಲಿದ್ದಾಗ ರೋಗಿಯೊಬ್ಬನು ಬಂದು, ನನಗೇನು ಬೇಕಾದರೂ ಮಾಡಿ, ಅಂಗಾತ ಮಲಗುವುದು ಮಾತ್ರ ನನ್ನಿಂದಾಗದು ಎಂದನಂತೆ. ಅಂಗಾತ ಮಲಗಲಾಗದವನಿಗೆ ಹಳೆಯ ಕ್ರಮ ನಿಷ್ಫಲ. ಆಗ ಟೊಳ್ಳು ಸೂಜಿ ಹೊರಬಂತು. ಪೊರೆಯನ್ನು ಹೀರಿ ತೆಗೆದೊಡನೆ ಅವನು ಕಂಡನು. ಮಲಗಬೇಕಾದ ನಿರ್ಬಂಧವಿಲ್ಲದೆ ತನಗೆ ಬೇಕಾದಂತೆ ನಿದ್ರಿಸಿದನು. ಏಳು ದಿನ ಕಣ್ಣಿಗೆ ಕಟ್ಟು ಮಾತ್ರ ಇತ್ತು ಎಂದು ಅಮ್ಮಾರ್ ಬರೆಯುತ್ತಾನೆ. ತನಗಿಂತ ಮೊದಲು ಇದನ್ನು ಯಾರೂ ಮಾಡಿಲ್ಲವೆಂಬ ಹೆಮ್ಮೆಯೂ ಅಲ್ಲಿದೆ. ಈ ಹೆಮ್ಮೆಯನ್ನು ಪೂರ್ಣವಾಗಿ ಒಪ್ಪಲಾಗದು. ಪೊರೆಯನ್ನು ಹೀರುವ ಯತ್ನದ ಸುದ್ದಿ ಗ್ರೀಕ್ ವೈದ್ಯ ಆಂಟಿಲ್ಲಸನ ಹೆಸರಿನಲ್ಲಿ ರಾಜಿಯ ಗ್ರಂಥದಲ್ಲಿಯೇ ಇದೆ. ದೂರದ ಸ್ಪೇನಿನಲ್ಲಿದ್ದ ಶಸ್ತ್ರವೈದ್ಯ ಜಹ್ರಾವಿಯೂ ಇರಾಕಿನಲ್ಲಿ ಟೊಳ್ಳು ಸೂಜಿಯಿಂದ ಹೀರುತ್ತಾರಂತೆ, ತಮ್ಮ ನಾಡಿನಲ್ಲಿ ತಾನದನ್ನು ಕಂಡಿಲ್ಲ ಎಂದು ಬರೆದಿಟ್ಟಿದ್ದಾನೆ. ಇನ್ನೊಂದು ಮಿತಿಯನ್ನೂ ಹೇಳಬೇಕು. ವೃದ್ಧರ ಪೊರೆ ಗಟ್ಟಿಯಾಗಿರುತ್ತದೆ, ಸಣ್ಣ ಸೂಜಿಯ ಕೊಳವೆಯಲ್ಲಿ ಬಾರದು. ಮೃದುವಾದ ಪೊರೆಗೆ ಮಾತ್ರ ಅಮ್ಮಾರನ ಉಪಾಯ ಸಲ್ಲುವಂಥದು. ಮುಂದಿನ ಕಹ್ಹಾಲರಲ್ಲಿ ಹೆಚ್ಚಿನವರು ಹಳೆಯ ಕ್ರಮದಲ್ಲಿಯೇ ಉಳಿದರು. ಹಾಗಿದ್ದರೂ, ರೋಗಿಯ ಒಂದು ಅಸಹಾಯಕ ಮಾತಿಗಾಗಿ ಕ್ರಮವನ್ನೇ ಬದಲಿಸಿದ ಈ ಪ್ರಸಂಗ ವೈದ್ಯೇತಿಹಾಸದಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು.

ಅಮ್ಮಾರ್ ಕೈರೋದಲ್ಲಿದ್ದಾಗ ಅದೇ ಅಲ್-ಹಾಕಿಮನ ಕಾಲದಲ್ಲಿ ಅದೇ ದೇಶಕ್ಕೆ ಬಸ್ರಾದ ಗಣಿತಜ್ಞ ಇಬ್ನ್ ಅಲ್-ಹೈತಮ್ ಬಂದು ನೆಲೆಸಿದನು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಲ್ಲ, ವಸ್ತುವಿನ ಬೆಳಕೇ ಕಣ್ಣಿನೊಳಕ್ಕೆ ಬರುತ್ತದೆಂದು ತನ್ನ ದೃಷ್ಟಿಶಾಸ್ತ್ರದಲ್ಲಿ ಪ್ರಯೋಗಸಹಿತವಾಗಿ ಸ್ಥಾಪಿಸಿದವನು ಇವನೇ. ಒಬ್ಬನು ನೋಟದ ತತ್ತ್ವವನ್ನು ಬಲ್ಲವನು, ಇನ್ನೊಬ್ಬನು ನೋಟವನ್ನು ಮರಳಿಸಬಲ್ಲವನು. ಇಬ್ಬರೂ ಒಂದೆಡೆ ಕುಳಿತು ಮಾತನಾಡಿದ್ದರೆ ಏನಾಗುತ್ತಿತ್ತೋ! ಕಹ್ಹಾಲರು ಗಣಿತಜ್ಞನ ಗ್ರಂಥವನ್ನು ಹೆಚ್ಚಾಗಿ ಲೆಕ್ಕಿಸಲಿಲ್ಲ. ಗಣಿತಜ್ಞನಾದರೂ ನೋಡುವ ಶಕ್ತಿ ಮಸೂರದಲ್ಲಿದೆ ಎಂಬ ಗೇಲನನ ಮಾತನ್ನು ಬಿಡಲಿಲ್ಲ.

ಇಲ್ಲಿಯೇ ಈ ಇತಿಹಾಸದ ಮರ್ಮವಿದೆ. ಕಹ್ಹಾಲನು ತನ್ನ ಸೂಜಿಯಿಂದ ಕೆಳಗೊತ್ತುತ್ತಿದ್ದದ್ದು ನೀರನ್ನಲ್ಲ, ಮಸೂರವನ್ನೇ. ಶಾಸ್ತ್ರದ ಪ್ರಕಾರ ಅದು ದೃಷ್ಟಿಯ ಪೀಠ. ಅದನ್ನು ಸರಿಸಿದರೆ ಮನುಷ್ಯ ಶಾಶ್ವತವಾಗಿ ಕುರುಡಾಗಬೇಕು. ಆದರೆ ಆ ಕ್ಷಣವೇ ರೋಗಿಯು ವೈದ್ಯನ ಮುಖವನ್ನು ಕಾಣುತ್ತಿದ್ದನು. ಫಲಿಸಿದ ಒಂದೊಂದು ಚಿಕಿತ್ಸೆಯೂ ಗೇಲನನ ಸಿದ್ಧಾಂತಕ್ಕೆ ಕಣ್ಣೆದುರಿನ ಖಂಡನೆಯಾಗಿತ್ತು. ಗ್ರೀಸಿನಲ್ಲಿ, ಭಾರತದಲ್ಲಿ, ಬಗ್ದಾದಿನಲ್ಲಿ, ಕೈರೋದಲ್ಲಿ ಶತಶತಮಾನಗಳ ಕಾಲ ಸಾವಿರಾರು ಕೈಗಳು ಇದನ್ನು ಮಾಡಿದವು, ಒಬ್ಬನಿಗೂ ಅದು ಹೊಳೆಯಲಿಲ್ಲ. ನಮ್ಮ ಸುಶ್ರುತನ ವ್ಯಾಖ್ಯಾನಕಾರರೂ ಕಫದೋಷವೆಂಬ ಮಾತಿನಲ್ಲಿಯೇ ನಿಂತರು. ಶಾಸ್ತ್ರವನ್ನು ಅನುಭವದ ಒರೆಗೆ ಹಚ್ಚಿದ ಶರಣರ ಪರಂಪರೆಯವರು ನಾವೆಂದು ಹೆಮ್ಮೆಪಡುತ್ತೇವೆ; ಆದರೆ ಅನುಭವವೇ ಸೂಜಿಯ ಮೊನೆಯಲ್ಲಿದ್ದಾಗಲೂ ಗ್ರಂಥದ ಮಾತು ಅದನ್ನು ಹೇಗೆ ಮರೆಮಾಡಬಲ್ಲದೆಂಬುದನ್ನು ಈ ಪ್ರಸಂಗದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದನ್ನು ನಾವು ಕಂಡಿಲ್ಲ.

ಹದಿಮೂರನೆಯ ಶತಮಾನದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಅಲೆಪ್ಪೊದ ಖಲೀಫಾ ಎಂಬ ವೈದ್ಯನು (ಇದು ಅವನ ಹೆಸರು, ಪದವಿಯಲ್ಲ) ತನ್ನ ಗ್ರಂಥದಲ್ಲಿ ನೇತ್ರಚಿಕಿತ್ಸೆಯ 36 ಉಪಕರಣಗಳ ಚಿತ್ರಗಳನ್ನೂ, ಮಿದುಳಿನಿಂದ ಹೊರಟ ನರಗಳು ಕೂಡಿ ಎರಡು ಕಣ್ಣುಗಳಿಗೆ ಹೋಗುವ ನಕ್ಷೆಯನ್ನೂ ಕೊಟ್ಟನು. ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆ ಎಷ್ಟೆಂದರೆ, ಒಂದೇ ಕಣ್ಣುಳಿದಿದ್ದವನ ಪೊರೆಗೂ ಚಿಕಿತ್ಸೆ ಮಾಡಲು ಹಿಂಜರಿಯಲಿಲ್ಲವೆಂದು ಪ್ರಸಿದ್ಧಿ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ಬೇನೆಯವರಿಗೆ ಪ್ರತ್ಯೇಕ ವಿಭಾಗವಿತ್ತು. ಬಹುಕಾಲದ ಮೇಲೆ, ಇಪ್ಪತ್ತನೆಯ ಶತಮಾನದಲ್ಲಿ, ಅದೇ ಪ್ರಾಂಗಣದಲ್ಲಿ ಕಣ್ಣಾಸ್ಪತ್ರೆಯೊಂದು ಎದ್ದಿತು.

ಈ ವೈದ್ಯರ ಹೆಸರುಗಳು ಹೇಗೆ ಅಳಿದುವೆಂಬುದೂ ಕೇಳತಕ್ಕದ್ದು. ಹುನೈನನ ಹತ್ತು ಪ್ರಬಂಧಗಳು ಯುರೋಪಿನಲ್ಲಿ ಶತಮಾನಗಳ ಕಾಲ ಓದಲ್ಪಟ್ಟವು, ಆದರೆ ಅವನ ಹೆಸರಿನಲ್ಲಲ್ಲ. ಒಂದು ಲ್ಯಾಟಿನ್ ಅನುವಾದದ ಮೇಲೆ ಕಾನ್‌ಸ್ಟಂಟೈನನ ಹೆಸರು, ಇನ್ನೊಂದರ ಮೇಲೆ ಗೇಲನನ ಹೆಸರು! ಈ ಋಣವನ್ನು ತೀರಿಸಿದವರು ಇಬ್ಬರು ಜರ್ಮನ್ ನೇತ್ರವೈದ್ಯರು. ಬರ್ಲಿನ್ನಿನ ಯೂಲಿಯಸ್ ಹಿರ್ಷ್‌ಬರ್ಗ್ ಅರಬ್ಬೀ ಬಲ್ಲ ಇಬ್ಬರು ವಿದ್ವಾಂಸರನ್ನು ಜೊತೆಗಿರಿಸಿಕೊಂಡು 1904–05ರಲ್ಲಿ ಅಲಿ, ಅಮ್ಮಾರ್, ಖಲೀಫಾ ಮೊದಲಾದವರ ಗ್ರಂಥಗಳನ್ನು ಜರ್ಮನ್ ಭಾಷೆಗೆ ತಂದನು. ಕೈರೋದಲ್ಲಿ ನೆಲೆಸಿ ರೋಗಿಗಳ ಕಣ್ಣುಗಳನ್ನೂ ಹಳೆಯ ಹಸ್ತಪ್ರತಿಗಳನ್ನೂ ಒಟ್ಟಿಗೆ ಪರೀಕ್ಷಿಸುತ್ತಿದ್ದ ಮ್ಯಾಕ್ಸ್ ಮೇಯರ್‌ಹೋಫ್ 1928ರಲ್ಲಿ ಹುನೈನನ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದನು.

ಮಸೂರದ ರಹಸ್ಯವೂ ಯುರೋಪಿನಲ್ಲಿ ಸುಲಭವಾಗಿ ಬಯಲಾಗಲಿಲ್ಲ. ಅಕ್ಷಿಪಟಲದ ಮೇಲೆ ಬಿಂಬ ಮೂಡುತ್ತದೆಂದು ಕೆಪ್ಲರ್ 1604ರಲ್ಲಿಯೇ ತೋರಿಸಿದ್ದನು. ಆದರೂ ಫ್ರಾನ್ಸಿನ ಬ್ರಿಸ್ಸೋ 1705ರಲ್ಲಿ ಸತ್ತ ಸೈನಿಕನೊಬ್ಬನ ಕಣ್ಣನ್ನು ಸೀಳಿ, ಪೊರೆಯೆಂಬುದು ಮಬ್ಬಾದ ಮಸೂರವೇ ಎಂದಾಗ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಮೊದಲು ನಂಬಲಿಲ್ಲ. 1747ರಲ್ಲಿ ದಾವಿಯೆಲ್ ಎಂಬುವನು ಮಸೂರವನ್ನು ಕಣ್ಣಿನಿಂದ ಹೊರತೆಗೆದನು. ಹಳೆಯ ಕ್ರಮ ಅಷ್ಟಕ್ಕೇ ಅಳಿಯಲಿಲ್ಲ. ನಮ್ಮ ದೇಶದಲ್ಲಿ ಊರೂರು ತಿರುಗುವ ವೈದ್ಯರು ಅದನ್ನು ಇಪ್ಪತ್ತನೆಯ ಶತಮಾನದವರೆಗೂ ನಡೆಸಿಕೊಂಡು ಬಂದರು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಎಲಿಯಟ್ ಆ ಚಿಕಿತ್ಸೆಯಿಂದ ಕೆಟ್ಟುಹೋದ ಕಣ್ಣುಗಳನ್ನು ಪರೀಕ್ಷಿಸಿ 1918ರಲ್ಲಿ ಗ್ರಂಥವನ್ನೇ ಬರೆದನು. ಒತ್ತಿದ ಮಸೂರ ಒಳಗೇ ಉಳಿದು, ಬಾವು ಬಂದು, ಮೊದಲು ಕಂಡವರು ಮತ್ತೆ ಕುರುಡರಾಗುತ್ತಿದ್ದರು. ಹಳೆಯದನ್ನು ಹೊಗಳುವಾಗ ಆ ಕಣ್ಣುಗಳನ್ನೂ ನೆನೆಯುವುದು ನ್ಯಾಯ.

ಅಮ್ಮಾರನ ಟೊಳ್ಳು ಸೂಜಿ ಏನಾಯಿತು? 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಎಂಬ ವೈದ್ಯನು, ಕಿವಿಗೆ ಕೇಳಿಸದಷ್ಟು ವೇಗದ ಕಂಪನದಿಂದ ಗಟ್ಟಿಯಾದ ಮಸೂರವನ್ನು ಒಳಗೇ ಪುಡಿಮಾಡಿ, ಅದೇ ಟೊಳ್ಳು ಸೂಜಿಯಿಂದ ಹೀರಿ ತೆಗೆಯುವ ಕ್ರಮವನ್ನು ಬಳಕೆಗೆ ತಂದನು. ಇಂದು ನಮ್ಮೂರಿನ ಕಣ್ಣಾಸ್ಪತ್ರೆಗಳಲ್ಲಿ ‘ಫೇಕೊ’ ಎಂದು ಕರೆಯುವುದು ಇದನ್ನೇ. ಆ ‘ಫೇಕೊ’ ಎಂಬುದೂ ಗ್ರೀಕ್ ಭಾಷೆಯ ಚನ್ನಂಗಿ ಬೇಳೆಯೇ.

ನಮ್ಮ ಉಪಾಧ್ಯಾಯರು ಮುಂದಿನ ಅಮಾವಾಸ್ಯೆಗೆ ಮತ್ತೆ ಬಂದಾಗ ನಮ್ಮ ಮೊದಲಿನ ಉತ್ತರವನ್ನು ತಿದ್ದಿ, ಇದಿಷ್ಟನ್ನೂ ಅವರಿಗೆ ಹೇಳಿದೆವು. ತಿಬೇರಿಯಾಸಿನ ರೋಗಿಯ ಪ್ರಸಂಗ ಬಂದಾಗ ಅವರು ನಡುವೆಯೇ ತಡೆದು, “ಏಳು ದಿನ ಕಟ್ಟು ಇತ್ತೆ, ಬುದ್ಧಿ? ನನಗೆ ಒಂದೇ ದಿನ” ಎಂದರು. “ಮಲಗಿದ್ದು ಹೇಗೆ?” ಎಂದು ಕೇಳಿದೆವು. ಬೆನ್ನುಹುರಿಯ ನೋವಿದ್ದ ಕಾರಣ ತಾವೂ ಅಂಗಾತ ಮಲಗಲಾರದೆ, ಡಾಕ್ಟರರ ಅಪ್ಪಣೆ ಪಡೆದು, ಮಗ್ಗುಲಾಗಿಯೇ ಮಲಗಿದ್ದೆನೆಂದು ಹೇಳಿದರು.